ಯಾವ ಕೆಲಸ ಯಾರಿಗೆ?

ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಅಣೆಕಟ್ಟು ಇದೆ. ಅಲ್ಲಿಂದ ಮುಂದೆ ಹರಿದ ನದಿ ಗೋಕಾಕದ ಬಳಿ 52 ಮೀಟರ್ ಆಳಕ್ಕೆ ಧುಮುಕುತ್ತದೆ. ಮೂಡಲಗಿ ಕಡೆಯ ನಮ್ಮ ಹೊಲ ಮಾತ್ರ ಎತ್ತರದಲ್ಲಿದೆ. ಕಾಲುವೆ ನೀರು ಹತ್ತುವುದಿಲ್ಲ. ಬಾವಿಯಿಂದ ಪಂಪೇ ಎತ್ತಬೇಕು. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ಅಜ್ಜ ಬ್ಯಾಟರಿ ಹಿಡಿದು ಕಬ್ಬಿನ ಬದುವಿನ ಮೇಲೆ ಹೋಗುತ್ತಿದ್ದರು. ಹಾವಿನ ಭಯ ಅಜ್ಜನಿಗಿಂತ ಅಜ್ಜಿಗೇ ಹೆಚ್ಚು.

ಎಲೆಕ್ಟ್ರಾನಿಕ್ಸ್ ಓದುವಾಗ ನಾನು ಪಂಪನ್ನು ತಾನೇ ನಡೆಸುವ ಪೆಟ್ಟಿಗೆಯನ್ನು ಪ್ರಾಜೆಕ್ಟಿಗೆ ಆರಿಸಿಕೊಂಡೆ. ಇಂಥ ಪೆಟ್ಟಿಗೆಯಲ್ಲಿ ಇಬ್ಬರು ಕೆಲಸಗಾರರು. ಒಬ್ಬ ಹಾರ್ಡ್‌ವೇರ್: ತಂತಿ, ಚಿಪ್ಪುಗಳವನು. ಬಹಳ ಚುರುಕು, ಆದರೆ ಒಮ್ಮೆ ಕಲಿತದ್ದನ್ನು ಬಿಡದ ಹಟಮಾರಿ. ಇನ್ನೊಬ್ಬ ಸಾಫ್ಟ್‌ವೇರ್: ತುಸು ನಿಧಾನ, ಆದರೆ ತಿದ್ದಿದರೆ ತಿದ್ದಿಕೊಳ್ಳುತ್ತಾನೆ. ಯಾವ ಕೆಲಸ ಯಾರಿಗೆ? ಪೆಟ್ಟಿಗೆ ಮಾಡಿದ ಮೇಲೆ ಹಂಚಿಕೆ ಸರಿಯಿಲ್ಲವೆಂದು ತಿಳಿದರೆ ದುಡ್ಡೂ ಹೋಯಿತು, ದಿನಗಳೂ ಹೋದವು.

ಅದಕ್ಕೇ ಎಂಜಿನಿಯರರು ಇಬ್ಬರ ಕೆಲಸವನ್ನೂ ಮೊದಲು ಒಂದೇ ಭಾಷೆಯಲ್ಲಿ ಮಾದರಿಯಾಗಿ ಬರೆಯುತ್ತಾರೆ. ಸಿಸ್ಟಮ್‌ಸಿ ಅಂಥದ್ದೊಂದು. ಸಿ ಪ್ಲಸ್ ಪ್ಲಸ್ ಭಾಷೆಯ ಮೇಲೆ ಕಟ್ಟಿದ ಇದು 1999ರಲ್ಲಿ ಹೊರಬಂತು. ಒಂದೇ ಹೊತ್ತಿಗೆ ನಡೆಯುವ ಹಲವು ಕೆಲಸಗಳನ್ನೂ ಅವಕ್ಕೆ ಹಿಡಿಯುವ ಸಮಯವನ್ನೂ ಇದರಲ್ಲಿ ಬರೆಯಬಹುದು. ಪೆಟ್ಟಿಗೆ ಇನ್ನೂ ಹುಟ್ಟಿರುವುದಿಲ್ಲ. ಕಂಪ್ಯೂಟರಿನೊಳಗೆ ಪಂಪು ಆಗಲೇ ತಿರುಗುತ್ತಿರುತ್ತದೆ! ಅಲ್ಲಿ ಒಂದು ಫೇಸ್ ತೆಗೆದು ನೋಡಬಹುದು, ಬಾವಿ ಬತ್ತಿಸಿ ನೋಡಬಹುದು. ನಿಜವಾದ ಮೋಟಾರು ಸುಡುವುದಿಲ್ಲ.

ಲ್ಯಾಪ್‌ಟಾಪ್ ತೋರಿಸಿ ಅಜ್ಜನನ್ನೇ ಕೇಳಿದೆ, “ಯಾರಿಗೆ ಏನ ಕೊಡ್ಲಿ ಅಜ್ಜಾ?”

“ಒಂದ ಫೇಸ್ ಹೋದ್ರ ಮೋಟಾರ್ ಸುಟ್ಟ ಹೋಗ್ತೈತಿ. ಅದನ್ನ ಬಂದ್ ಮಾಡೋ ಕೆಲಸ ಚುರುಕಿನವಗ ಕೊಡವಾ. ಕರೆಂಟ್ ಬರೋ ಟೈಮ್ ಆಗಾಗ ಬದಲಾಗ್ತೈತಿ, ಅದು ಮಾತ ಕೇಳಾಂವಗ ಇರಲಿ,” ಅಂದರು.

ಮಾದರಿಯಲ್ಲಿ ಬೇರೆ ಬೇರೆ ಹಂಚಿಕೆಗಳನ್ನು ಓಡಿಸಿ ನೋಡಿದೆ. ಅಜ್ಜನದೇ ಗೆದ್ದಿತು. ಭಾಷೆ ನನ್ನದು, ಬುದ್ಧಿ ಅವರ ಪಂಪಿನ ಅನುಭವದ್ದು. ಎರಡೂ ಕೂಡಿದ್ದರಿಂದ ಪೆಟ್ಟಿಗೆಯನ್ನು ಒಂದೇ ಸಲ ಮಾಡಿದರೆ ಸಾಕಾಯಿತು. ಈಗ ಕರೆಂಟಿನ ಸಮಯ ಬದಲಾದರೆ ಅದನ್ನು ಬಿಚ್ಚಬೇಕಿಲ್ಲ. ಅಜ್ಜ ಮೊಬೈಲಿನಲ್ಲೇ ತಿದ್ದುತ್ತಾರೆ.

ಮಕ್ಕಳೇ, ಮನೆಯಲ್ಲಿ ವಾಷಿಂಗ್ ಮೆಷಿನ್ ಇದ್ದರೆ ಅಜ್ಜ-ಅಜ್ಜಿಯ ಜೊತೆ ಕೂತು ಒಂದು ಪಟ್ಟಿ ಮಾಡಿ. ಬಟ್ಟೆ ತಿರುಗುವಾಗ ಮುಚ್ಚಳ ತೆಗೆದರೆ ಥಟ್ಟನೆ ನಿಲ್ಲಿಸುವುದು ಯಾರ ಕೆಲಸ? ರೇಷ್ಮೆಗೆ ಎಷ್ಟು ನಿಮಿಷ, ಚಾದರಕ್ಕೆ ಎಷ್ಟು ಎಂದು ನೆನಪಿಡುವುದು ಯಾರ ಕೆಲಸ? ಮೊದಲು ಕಾಗದದ ಮೇಲೆ ಹಂಚಿ ನೋಡಿ. ಅಲ್ಲಿ ಎಷ್ಟು ಸಲ ಅಳಿಸಿದರೂ ಖರ್ಚಿಲ್ಲ.