ಮತ್ತೆ ಸೈಕಲ್ಲೇರಿದವರ ಮೈಸೂರು

ಮೈಸೂರನ್ನು ನೋಡಲು ಬರುವ ಪ್ರವಾಸಿಗರು ಅರಮನೆಯನ್ನು ನೋಡುತ್ತಾರೆ. ಬೆಟ್ಟ ಹತ್ತಿ ದೇವಿಗೆ ಕೈಮುಗಿಯುತ್ತಾರೆ. ಮೃಗಾಲಯದಲ್ಲಿ ಮಕ್ಕಳಿಗೆ ಆನೆಯನ್ನು ತೋರಿಸಿ, ಸಂಜೆಯ ಹೊತ್ತಿಗೆ ಬೃಂದಾವನದ ಕಾರಂಜಿಗಳತ್ತ ಹೊರಡುತ್ತಾರೆ. ಊರಿನ ಬೀದಿಗಳು ಅವರ ಪಟ್ಟಿಯಲ್ಲಿ ಸೇರುವುದಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದವರಿಗೂ ಬೀದಿಯೆಂದರೆ ಈಗ ಮನೆಯಿಂದ ಕಚೇರಿಗೆ ಬೇಗಬೇಗನೆ ದಾಟಿ ಮುಗಿಸಬೇಕಾದ ಒಂದು ಅಂತರವಷ್ಟೆ.

ಆದರೆ ಈ ಬೀದಿಗಳು ತಾವಾಗಿ ಹುಟ್ಟಿದವಲ್ಲ. 1903ರಷ್ಟು ಹಿಂದೆಯೇ ನಗರದ ಸುಧಾರಣೆಗೆಂದು ಇಲ್ಲಿ ಒಂದು ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. ಪ್ಲೇಗಿನ ಹಾವಳಿಯಿಂದ ಬೆದರಿದ್ದ ಜನಕ್ಕೆ ಗಾಳಿಬೆಳಕುಗಳುಳ್ಳ ವಸತಿಯನ್ನು ಒದಗಿಸಬೇಕೆಂಬ ಕಾಳಜಿ ಆ ಕಾಲದ ಆಡಳಿತಕ್ಕೆ ಇದ್ದಿತು. ಇಕ್ಕಟ್ಟಾದ ಹಳೆಯ ಕೇರಿಗಳ ಹೊರಗೆ ಅಗಲವಾದ, ನೇರವಾದ ಬೀದಿಗಳ ಬಡಾವಣೆಗಳು ಒಂದೊಂದಾಗಿ ಎದ್ದವು. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಸೌಂದರ್ಯಾಸಕ್ತಿ ಈ ಕೆಲಸಕ್ಕೆ ಮತ್ತಷ್ಟು ಮೆರುಗು ಕೊಟ್ಟಿತು. ಸಾಲುಮರಗಳ ನೆರಳು, ಒಂದು ಬೀದಿಯಿಂದ ಇನ್ನೊಂದಕ್ಕೆ ಸರಾಗವಾಗಿ ತೆರೆದುಕೊಳ್ಳುವ ಅಡ್ಡರಸ್ತೆಗಳು, ಸುತ್ತಿ ಹೋಗಲು ಅನುಕೂಲವಾದ ವೃತ್ತಗಳು, ಇವೆಲ್ಲ ಸೈಕಲ್ಲಿನ ಸವಾರನನ್ನು ಮನಸ್ಸಿನಲ್ಲಿಟ್ಟುಕೊಂಡೇ ನಿರ್ಮಿಸಿದಂತೆ ತೋರುತ್ತವೆ.

ಆ ಸವಾರರಾದರೂ ಬಹುಕಾಲ ಈ ಬೀದಿಗಳ ಅಧಿಪತಿಗಳೇ ಆಗಿದ್ದರು. ಕಾಲೇಜಿನ ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವ ಮೇಷ್ಟರುಗಳು, ಟಿಫನ್ ಕ್ಯಾರಿಯರನ್ನು ಹ್ಯಾಂಡಲಿಗೆ ತೂಗುಹಾಕಿದ ಗುಮಾಸ್ತರು, ಎಲ್ಲರೂ ಒಂದೇ ಓಟದಲ್ಲಿ ಸಾಗುತ್ತಿದ್ದರು. ಸ್ವಂತ ಸೈಕಲ್ಲಿಲ್ಲದವರಿಗೆ ಗಂಟೆಗೆ ಇಷ್ಟೆಂದು ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು, ಮೊಣಕಾಲು ತರಚಿಕೊಂಡು ಸೈಕಲ್ಲು ಕಲಿಯದ ಹುಡುಗನೇ ಆ ತಲೆಮಾರಿನಲ್ಲಿ ಅಪರೂಪ. ಸಂಜೆ ದೀಪವಿಲ್ಲದೆ ಬಂದವರನ್ನೂ, ಇಬ್ಬರು ಕೂತು ಬಂದವರನ್ನೂ ಪೋಲೀಸಿನವರು ನಿಲ್ಲಿಸಿ ದಂಡ ಹಾಕುತ್ತಿದ್ದರೆಂಬುದನ್ನು ಹಿರಿಯರು ಈಗಲೂ ನಗುತ್ತ ನೆನೆಯುತ್ತಾರೆ.

ಕಾಲ ಬದಲಾಯಿತು. ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಜಾವಾ ಮೋಟಾರು ಸೈಕಲ್ಲುಗಳು ತಯಾರಾಗತೊಡಗಿ, ಅವುಗಳ ಗುಡುಗು ಊರಿನ ಕಿವಿಗೆ ಒಗ್ಗಿತು. 1996ರಲ್ಲಿ ಆ ಕಾರ್ಖಾನೆ ಮುಚ್ಚುವ ವೇಳೆಗೆ ಸ್ಕೂಟರು ಮಧ್ಯಮವರ್ಗದ ಮನೆಗಳಲ್ಲಿ ತುಳಸಿಕಟ್ಟೆಯಷ್ಟೇ ಸಾಮಾನ್ಯವಾಗಿತ್ತು. ಸೈಕಲ್ಲುಗಳು ಅಟ್ಟಕ್ಕೂ ಮೆಟ್ಟಿಲ ಕೆಳಗಿನ ಕತ್ತಲೆಗೂ ಸೇರಿಕೊಂಡವು.

ಅಂತಹ ಒಂದು ಸೈಕಲ್ಲು ಸರಸ್ವತೀಪುರದ ಗೃಹಸ್ಥರೊಬ್ಬರ ಮನೆಯಲ್ಲಿ ಇಪ್ಪತ್ತೇಳು ವರ್ಷ ಮಲಗಿತ್ತು. ಅದರ ಒಡೆಯರಿಗೆ ಈಗ ಐವತ್ತೆರಡು ವರ್ಷ. ಕಚೇರಿ ಕೃಷ್ಣರಾಜ ವೃತ್ತದ ಸಮೀಪ. ದೂರ ನಾಲ್ಕು ಕಿಲೋಮೀಟರಿಗೂ ಕಡಿಮೆ. ವೈದ್ಯರು ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಿದೆಯೆಂದು ಹೇಳಿ ದಿನವೂ ವ್ಯಾಯಾಮ ಮಾಡಲು ಆಜ್ಞಾಪಿಸಿದ್ದರು. ಬೆಳಗಿನ ತಿರುಗಾಟ ಎರಡು ವಾರ ನಡೆದು ನಿಂತುಹೋಯಿತು. ವ್ಯಾಯಾಮಕ್ಕೆ ಬೇರೆ ಹೊತ್ತು ಸಿಗದಿದ್ದರೆ ಕಚೇರಿಗೆ ಹೋಗುವ ಹೊತ್ತನ್ನೇ ವ್ಯಾಯಾಮವನ್ನಾಗಿ ಮಾಡಬಾರದೇಕೆ ಎಂಬ ಯೋಚನೆ ಬಂದಾಗ ಅವರು ಮೆಟ್ಟಿಲ ಕೆಳಗೆ ಬಗ್ಗಿ ನೋಡಿದರು.

ಬೀದಿಯ ಕೊನೆಯಲ್ಲಿ ಸೈಕಲ್ಲು ರಿಪೇರಿ ಮಾಡುವ ಮುದುಕರೊಬ್ಬರು ಇನ್ನೂ ಅಂಗಡಿ ಇಟ್ಟುಕೊಂಡಿದ್ದರು. ಟಯರು ಬಿರುಕುಬಿಟ್ಟಿತ್ತು, ಟ್ಯೂಬು ಮುಟ್ಟಿದರೆ ಅಂಟುತ್ತಿತ್ತು, ಬ್ರೇಕಿನ ರಬ್ಬರು ಕಲ್ಲಿನಂತಾಗಿತ್ತು. ಚಕ್ರಗಳ ಗುಂಡುಗಳನ್ನು ತೆಗೆದು ತೊಳೆದು ಹೊಸ ಗ್ರೀಸು ತುಂಬಿ, ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜಿದ ಮೇಲೆ, ಒಳಗಿನ ಕಬ್ಬಿಣ ಗಟ್ಟಿಯಾಗಿಯೇ ಇದೆಯೆಂಬುದು ತಿಳಿಯಿತು. ಸೀಟನ್ನು ಮಾತ್ರ ಆತ ಎರಡು ಅಂಗುಲ ಮೇಲಕ್ಕೆತ್ತಿದರು. ಪೆಡಲು ತೀರ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗಬೇಕು. ಸೀಟು ಅದಕ್ಕಿಂತ ತಗ್ಗಿದರೆ ಮಂಡಿಗೆ ಏಟು. ಹದಿಹರೆಯದ ಮಂಡಿ ಇದನ್ನು ಕ್ಷಮಿಸುತ್ತದೆ. ಐವತ್ತರ ಮಂಡಿ ಕ್ಷಮಿಸುವುದಿಲ್ಲ.

ಒಮ್ಮೆ ಕಲಿತ ಸೈಕಲ್ಲು ಮರೆಯುವುದಿಲ್ಲವೆಂಬ ಮಾತು ನಿಜ. ಭಾನುವಾರದ ಬೆಳಿಗ್ಗೆ, ಬೀದಿಯಲ್ಲಿ ಹಾಲಿನವರ ವಿನಾ ಯಾರೂ ಇಲ್ಲದಾಗ, ಅವರು ಎಡಗಾಲನ್ನು ಪೆಡಲ ಮೇಲಿಟ್ಟು ನಾಲ್ಕು ಹೆಜ್ಜೆ ಕುಂಟಿ ಹತ್ತಿದರು. ಎರಡು ಬಾರಿ ಹ್ಯಾಂಡಲು ಓಲಾಡಿತು; ಮೂರನೆಯ ಬಾರಿಗೆ ದೇಹ ತಾನೇ ಸಮತೋಲವನ್ನು ಹಿಡಿಯಿತು. ತೊಡೆಗಳು ನೊಂದವು, ಕೂರುವ ಜಾಗ ಒಂದು ವಾರ ದೂರು ಹೇಳಿತು. ಅವೆಲ್ಲ ದಿನಕಳೆದಂತೆ ಕಡಿಮೆಯಾಗುವ ನೋವುಗಳೇ.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಸ್ಕೂಟರಿನಲ್ಲಿ ಹೋಗುತ್ತಿದ್ದ ದಾರಿ ಅವರಿಗೆ ಕಣ್ಣುಮುಚ್ಚಿದರೂ ಗೊತ್ತಿತ್ತು. ಆದುದರಿಂದ ಸೋಮವಾರ ಅದೇ ದಾರಿಯನ್ನು ಹಿಡಿದು ಝಾನ್ಸಿ ಲಕ್ಷ್ಮೀಬಾಯಿ ರಸ್ತೆಗೆ ಬಂದರು. ಇಪ್ಪತ್ತೈದು ವರ್ಷದ ಯುವಕನಾಗಿ ಅದೇ ರಸ್ತೆಯಲ್ಲಿ ಕೈಬಿಟ್ಟು ಸೈಕಲ್ಲು ಹೊಡೆದ ನೆನಪು ಅವರಿಗಿತ್ತು. ಈಗ ಎಡಗಡೆ ಸಾಲಾಗಿ ನಿಲ್ಲಿಸಿದ ಕಾರುಗಳು, ಬಲಗಡೆ ಹಾರನ್ನು ಒತ್ತುತ್ತ ನುಗ್ಗುವ ವಾಹನಗಳು. ನಡುವೆ ಉಳಿದದ್ದು ಒಂದು ಗೇಣು. ಬುಧವಾರ ಒಂದು ಕಾರಿನ ಬಾಗಿಲು ಥಟ್ಟನೆ ತೆರೆದುಕೊಂಡಿತು. ತಪ್ಪಿಸಿಕೊಳ್ಳಲೆಂದು ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದಾಗ ಹಿಂದಿನಿಂದ ಬಂದ ಬಸ್ಸು ಅಂಗಿಯ ತೋಳಿಗೆ ಗಾಳಿ ಬಡಿಯುವಷ್ಟು ಹತ್ತಿರ ಹಾದುಹೋಯಿತು. ಅವರಿಗೆ ಏನೂ ಆಗಲಿಲ್ಲ. ಕಚೇರಿಯಲ್ಲಿ ಕಾಫಿಯ ಲೋಟವನ್ನೆತ್ತಿಕೊಂಡಾಗ ಕೈ ನಡುಗುತ್ತಿತ್ತು, ಅಷ್ಟೆ.

ಸಂಜೆ ಈ ಸಂಗತಿಯನ್ನು ಮನೆಯಲ್ಲಿ ಹೇಳಬಾರದೆಂದುಕೊಂಡಿದ್ದವರು ಹೇಳಿಯೇಬಿಟ್ಟರು. "ನಿಮ್ಮ ಸಕ್ಕರೆಗೆ ಮಾತ್ರೆ ಉಂಟು, ಬಸ್ಸಿನಡಿ ಬಿದ್ದರೆ ಯಾವ ಮಾತ್ರೆ ಇದೆ ಹೇಳಿ. ಆ ಸೈಕಲ್ಲನ್ನು ಎಲ್ಲಿತ್ತೋ ಅಲ್ಲೇ ಇಡಿ," ಎಂದರು ಅವರ ಹೆಂಡತಿ. ಇದಕ್ಕೆ ಉತ್ತರವಿರಲಿಲ್ಲ. ಸೈಕಲ್ಲು ಹತ್ತು ದಿನ ಮೆಟ್ಟಿಲ ಕೆಳಗೆ ನಿಂತಿತು.

ಬಿಟ್ಟ ಅಭ್ಯಾಸವನ್ನು ಮತ್ತೆ ಹಿಡಿಯಹೊರಟವರಲ್ಲಿ ಎಷ್ಟೋ ಮಂದಿ ಇಲ್ಲಿಗೇ ನಿಲ್ಲುತ್ತಾರೆ. ಕಾಲಿನ ಶಕ್ತಿ ಸಾಲದೆ ನಿಲ್ಲುವವರಿಗಿಂತ ಎದೆಯ ಧೈರ್ಯ ಸಾಲದೆ ನಿಲ್ಲುವವರು ಹೆಚ್ಚು; ಆ ಭಯಕ್ಕೆ ಕಾರಣವೂ ಇಲ್ಲದಿಲ್ಲ. ಈ ಗೃಹಸ್ಥರ ಸೈಕಲ್ಲನ್ನು ಹೊರಕ್ಕೆ ತಂದದ್ದು ರಿಪೇರಿಯ ಮುದುಕರ ಒಂದು ಪ್ರಶ್ನೆ. "ಯಾವ ದಾರೀಲಿ ಹೋದಿರಿ ಸ್ವಾಮಿ?" ಎಂದು ಅವರು ಕೇಳಿದರು. ಉತ್ತರವನ್ನು ಕೇಳಿ ತಲೆಯಾಡಿಸಿ, "ಅದು ಗಾಡಿಯೋರ ದಾರಿ. ನೀವು ಬುಲೆವಾರ್ಡ್ ಕಡೆ ತಿರುಗಬೇಕಿತ್ತು. ಹತ್ತು ನಿಮಿಷ ಮುಂಚೆ ಹೊರಟರೆ ಆಯಿತಪ್ಪ," ಎಂದರು.

ಹತ್ತು ನಿಮಿಷ ಮುಂಚೆ ಹೊರಡುವವರಿಗೆ ಮೈಸೂರು ಇಂದಿಗೂ ಬೇರೊಂದು ದಾರಿಯನ್ನು ಉಳಿಸಿಕೊಂಡಿದೆ. ಸರಸ್ವತೀಪುರದ ಅಡ್ಡಬೀದಿಗಳಲ್ಲಿ ಉತ್ತರಕ್ಕೆ ಸಾಗಿದರೆ ಮೊದಲು ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಈ ಕೆರೆಯ ದಂಡೆಯಲ್ಲಿ ಕುವೆಂಪು ಅವರು ತಿರುಗಾಡುತ್ತಿದ್ದುದನ್ನು ಕನ್ನಡಿಗರೆಲ್ಲ ಬಲ್ಲರು. ಬೆಳಗಿನ ಬಿಸಿಲಿನಲ್ಲಿ ಹೆಜ್ಜಾರ್ಲೆಗಳು ನೀರಿನ ಮೇಲೆ ದೋಣಿಗಳಂತೆ ತೇಲುತ್ತಿರುತ್ತವೆ. ನೇರವಾಗಿ ಹೋಗುವವರಿಗೆ ಇದು ಸುತ್ತು. ಆದರೆ ಸೈಕಲ್ಲಿನಿಂದ ಇಳಿಯದೆ, ಒಂದು ಕಾಲನ್ನು ನೆಲಕ್ಕೆ ಊರಿ, ಅರ್ಧ ನಿಮಿಷ ನಿಂತು ನೋಡಿದರೂ ನಷ್ಟವಾಗಲಾರದು.

ಕೆರೆಯನ್ನು ಹಿಂದೆ ಬಿಟ್ಟು ರೈಲು ಹಳಿಗಳನ್ನು ದಾಟಿದರೆ ವಿಶ್ವವಿದ್ಯಾನಿಲಯದ ಆವರಣ. 1916ರಲ್ಲಿ ಹುಟ್ಟಿದ ಆ ಸಂಸ್ಥೆಯ ಆಡಳಿತಕ್ಕೆಂದು 1947ರಲ್ಲಿ ನಿರ್ಮಾಣವಾದ ಕ್ರಾಫರ್ಡ್ ಭವನ ಅಲ್ಲಿ ಗಂಭೀರವಾಗಿ ನಿಂತಿದೆ. ಇಲ್ಲಿಂದ ಕೃಷ್ಣರಾಜ ಬುಲೆವಾರ್ಡು. ಬುಲೆವಾರ್ಡೆಂಬುದು ಫ್ರೆಂಚರ ಮಾತು. ಸಾಲುಮರಗಳಿಂದ ಕೂಡಿದ ವಿಶಾಲವಾದ ಬೀದಿಯೆಂದು ಅದರ ಅರ್ಥ. ಈ ರಸ್ತೆಗೂ ಆ ಝಾನ್ಸಿ ಲಕ್ಷ್ಮೀಬಾಯಿ ರಸ್ತೆಗೂ ನಡುವೆ ಇರುವುದು ಮಹಾರಾಜಾ ಕಾಲೇಜಿನ ಆವರಣ ಮಾತ್ರ. ಇಲ್ಲಿಯೂ ವಾಹನಗಳಿಲ್ಲವೆಂದಲ್ಲ; ಅಲ್ಲಿನ ಧಾವಂತ ಇಲ್ಲಿಲ್ಲ. ನೆರಳಿನಲ್ಲಿ ಸಾಗುವಾಗ ತನ್ನ ಚೈನಿನ ಸದ್ದು ತನಗೇ ಕೇಳಿಸುತ್ತದೆ.

ಸ್ಕೂಟರಿನ ವೇಗದಲ್ಲಿ ಮಸುಕಾಗಿ ಹಿಂದೆ ಸರಿಯುತ್ತಿದ್ದ ಫಲಕಗಳನ್ನು ಸೈಕಲ್ಲಿನವರು ಓದಬಲ್ಲರು. ಪ್ರಾಚ್ಯವಿದ್ಯಾ ಸಂಶೋಧನಾಲಯ ಇಲ್ಲಿಗೆ ಸಮೀಪದಲ್ಲಿದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ ಜಗತ್ತಿನ ಮುಂದಿಟ್ಟದ್ದು ಈ ಗ್ರಂಥಭಂಡಾರದಿಂದಲೇ. ಇಪ್ಪತ್ತೇಳು ವರ್ಷ ಅದರ ಸಮೀಪದಲ್ಲೇ ಓಡಾಡಿದ್ದ ಗೃಹಸ್ಥರು ಕಟ್ಟಡವನ್ನು ಸರಿಯಾಗಿ ನೋಡಿದ್ದು ಈಗ.

ಮುಂದೆ ಒಂದೆಡೆ ಆ ದೊಡ್ಡ ರಸ್ತೆಯನ್ನು ದಾಟಲೇಬೇಕು. ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳ: ಇಳಿದು, ಸೈಕಲ್ಲನ್ನು ತಳ್ಳಿಕೊಂಡು, ಪಾದಚಾರಿಗಳ ಜೊತೆಯಲ್ಲಿ ದಾಟುವುದು. ಯೌವನದಲ್ಲಿ ಇದು ಅವಮಾನವೆನಿಸುತ್ತಿತ್ತು, ಈಗ ಹಾಗೆನಿಸಲಿಲ್ಲ. ದಾಟಿದ ಮೇಲೆ ದೇವರಾಜ ಅರಸು ರಸ್ತೆಯ ಅಂಗಡಿಗಳ ಜಂಗುಳಿಯನ್ನು ಪಕ್ಕಕ್ಕೆ ಬಿಟ್ಟು ಶಿವರಾಂಪೇಟೆಯ ಬೀದಿಗಳಲ್ಲಿ ನುಸುಳಿದರೆ, ಕಲ್ಲಿನ ಮಂಟಪದ ಕೆಳಗೆ ನಾಲ್ವಡಿ ಕೃಷ್ಣರಾಜರು ನಿಂತಿರುವ ವೃತ್ತ ಎದುರಾಗುತ್ತದೆ. ನಿಲ್ಲಿಸಿದ ಕಾರುಗಳಿಂದ ಒಂದು ಮಾರು ದೂರವಿರುವುದು. ಪ್ಯಾಂಟಿನ ಅಂಚಿಗೆ ಕ್ಲಿಪ್ಪು ಹಾಕುವುದು. ಕಚೇರಿಯ ಮೇಜಿನ ಖಾನೆಯಲ್ಲಿ ಒಂದು ಟವಲು, ಒಂದು ಅಂಗಿ ಇಟ್ಟುಕೊಳ್ಳುವುದು: ಉಳಿದ ಪಾಠಗಳು ಇಷ್ಟೆ. ಬೆಳಗಿನ ಪ್ರಯಾಣ ಇಪ್ಪತ್ತೈದು ನಿಮಿಷದಲ್ಲಿ ಮುಗಿಯುತ್ತದೆ.

ಊರು ತಾನೂ ಒಮ್ಮೆ ಹೀಗೆ ಹಳೆಯ ಅಭ್ಯಾಸಕ್ಕೆ ಮರಳಲು ಪ್ರಯತ್ನಿಸಿದುದುಂಟು. 2017ರ ಜೂನ್ ತಿಂಗಳಿನಲ್ಲಿ 'ಟ್ರಿಣ್ ಟ್ರಿಣ್' ಎಂಬ ಮುದ್ದಾದ ಹೆಸರಿನಿಂದ ಸಾರ್ವಜನಿಕ ಬಾಡಿಗೆ ಸೈಕಲ್ಲುಗಳ ಯೋಜನೆ ಇಲ್ಲಿ ಪ್ರಾರಂಭವಾಯಿತು. ಸುಮಾರು 450 ಸೈಕಲ್ಲುಗಳು. ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದು. ಹಿಂದಿನ ಬಾಡಿಗೆ ಅಂಗಡಿಯೇ ಯಂತ್ರಯುಗದ ವೇಷ ತೊಟ್ಟು ಬಂದಂತಿತ್ತು. ಮನೆಯಲ್ಲಿ ಸೈಕಲ್ಲಿಲ್ಲದ ಎಷ್ಟೋ ಮಂದಿಗೆ ಆ ನಿಲ್ದಾಣಗಳೇ ಮತ್ತೆ ಪೆಡಲು ತುಳಿಯುವ ಅವಕಾಶ ಕೊಟ್ಟವು.

ದಿನವೂ ಒಂದೇ ಹೊತ್ತಿಗೆ ಹೊರಡುವ ಸವಾರನಿಗೆ ಸಹಪಯಣಿಗರೂ ದೊರೆಯುತ್ತಾರೆ. ಉಪಕರಣಗಳ ಚೀಲವನ್ನು ಕ್ಯಾರಿಯರಿಗೆ ಕಟ್ಟಿದ ನಲ್ಲಿ ರಿಪೇರಿಯವನು, ಹೂವಿನ ಬುಟ್ಟಿಯವನು, ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವ ಕಾವಲುಗಾರ. ಮೊದಲ ವಾರ ನೋಟ, ಎರಡನೆಯ ವಾರ ಮುಗುಳ್ನಗೆ, ಮೂರನೆಯ ವಾರ "ಏನ್ಸಾರ್, ಇವತ್ತು ಲೇಟು!" ಎಂಬ ಮಾತು. ಇವರಾರೂ ಸೈಕಲ್ಲಿಗೆ ಮರಳಿ ಬಂದವರಲ್ಲ. ಅದನ್ನು ಎಂದೂ ಬಿಟ್ಟವರೇ ಅಲ್ಲ. ಬಿಡುವ ಅನುಕೂಲ ಅವರಿಗಿರಲಿಲ್ಲ. ಗೃಹಸ್ಥರು ಹತ್ತು ದಿನ ಹೆದರಿ ಮನೆಯಲ್ಲಿ ಸೈಕಲ್ಲನ್ನು ನಿಲ್ಲಿಸಬಲ್ಲವರಾಗಿದ್ದರು. ಕಾವಲುಗಾರ ಅದೇ ಬಸ್ಸುಗಳ ನಡುವೆ ಇಪ್ಪತ್ತು ವರ್ಷದಿಂದ ದಿನಕ್ಕೆರಡು ಬಾರಿ ಹಾದುಹೋಗುತ್ತಿದ್ದಾನೆ. ಅವನ ಮನೆಯಿರುವ ಕಡೆಗೆ ಬುಲೆವಾರ್ಡು ಹೋಗುವುದಿಲ್ಲ. ರಸ್ತೆಯ ಅಂಚಿನಲ್ಲಿ ಒಂದು ಮಾರು ಅಗಲದ ಜಾಗವನ್ನು ಸೈಕಲ್ಲಿಗೆಂದು ಬಿಡಬೇಕೆಂಬ ಬೇಡಿಕೆ ಕೆಲವರ ಹವ್ಯಾಸದ ಮಾತಲ್ಲವೆಂಬುದು ಅವನನ್ನು ಕಂಡ ಮೇಲೆ ಗೃಹಸ್ಥರಿಗೆ ಮನವರಿಕೆಯಾಯಿತು.

ಆಷಾಢ ಬಂದಾಗ ಪರೀಕ್ಷೆ ಇನ್ನೊಂದು ಬಗೆಯದು. ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಬೆಳಿಗ್ಗೆ ಪೂರ್ವಕ್ಕೆ ಹೋಗುವಾಗ ಬೆನ್ನಿಗೆ ಕೈಯಿಟ್ಟು ತಳ್ಳುವ ಅದೇ ಗಾಳಿ, ಸಂಜೆ ಮನೆಗೆ ಬರುವಾಗ ಎದೆಗೆ ಕೈಯಿಟ್ಟು ತಡೆಯುತ್ತದೆ. ಅಂತಹ ದಿನಗಳಲ್ಲಿ ಸ್ಕೂಟರನ್ನು ತೆಗೆಯಲು ಅವರು ಸಂಕೋಚಪಡುವುದಿಲ್ಲ. ವಾರಕ್ಕೆ ಮೂರು ದಿನ ಸೈಕಲ್ಲು, ಉಳಿದ ದಿನ ಸ್ಕೂಟರು ಎಂದು ಒಪ್ಪಂದವಾಗಿದೆ. ಪ್ರತಿದಿನವೂ ಎಂದು ಶಪಥ ಮಾಡಿದ್ದರೆ ಅದು ಶ್ರಾವಣದ ವೇಳೆಗೆ ಮುರಿದುಬೀಳುತ್ತಿತ್ತು.

ಹೆಂಡತಿಯ ಆತಂಕ ಪೂರ್ತಿಯಾಗಿ ಹೋಗಿಲ್ಲ, ಹೋಗಬೇಕಾದದ್ದೂ ಅಲ್ಲ. ಒಂದು ಭಾನುವಾರ ಬೆಳಿಗ್ಗೆ ಆಕೆ ಗಂಡನೊಡನೆ ಬುಲೆವಾರ್ಡಿನ ಉದ್ದಕ್ಕೂ ನಡೆದು ಆ ದಾರಿಯನ್ನು ಕಣ್ಣಾರೆ ನೋಡಿ ಬಂದರು. ಕೆರೆಯ ಬಳಿ ಸ್ವಲ್ಪ ಹೊತ್ತು ನಿಂತರು. ಹೊಸ ದೀಪವನ್ನೂ, ಹಿಂದಿನ ಮಡ್‌ಗಾರ್ಡಿಗೆ ಕೆಂಪು ಗಾಜನ್ನೂ ಹಾಕಿಸಲು ದುಡ್ಡು ಕೊಟ್ಟವರು ಅವರೇ. ಈಗ ಶುಕ್ರವಾರಗಳಂದು ಗಂಡ ಕ್ಲಿಪ್ಪು ಹಾಕಿಕೊಳ್ಳುವಾಗ, ಸಂಜೆ ಬರುವಾಗ ವೀಳ್ಯದೆಲೆ ಒಂದು ಕಟ್ಟು, ಮಲ್ಲಿಗೆ ಎರಡು ಮೊಳ ತರುವಂತೆ ಹೇಳಿ, ಚೀಲವನ್ನು ತಾವೇ ಕ್ಯಾರಿಯರಿಗೆ ಸಿಕ್ಕಿಸುತ್ತಾರೆ.