ಜೀಪಿನ ಹೊಟ್ಟೆ, ಕೊಡಚಾದ್ರಿಯ ಕಲ್ಲು

ಕೊಲ್ಲೂರಿನಿಂದ ಕೊಡಚಾದ್ರಿಗೆ ನಮ್ಮ ವಯಸ್ಸಿನವರಿಗೆ ಜೀಪೇ ಗತಿ. ಬೆಟ್ಟ 1343 ಮೀಟರ್ ಎತ್ತರ. ಕಡೆಯ ಏರಿನಲ್ಲಿ ರಸ್ತೆಯೆಂದರೆ ಮಳೆ ಕೊರೆದ ಕೊರಕಲು, ನಡುನಡುವೆ ಎದ್ದ ಬಂಡೆ.

"ನಮ್ಮ ಕಾರು ಯಾಕೆ ಬರಲ್ಲ ತಾತ?" ಎಂದಳು ಮೊಮ್ಮಗಳು. ನಾನು ಬಡ್ಡಿ ಲೆಕ್ಕದವನು. ಉತ್ತರ ಕೊಟ್ಟದ್ದು ಚಾಲಕ.

"ಮೂರು ಕೋನ ಕಾಣು ಮಗಾ. ಮುಂದಿನ ಚಕ್ರ ನೆಲ ಮುಟ್ಟುವಲ್ಲಿಂದ ಬಂಪರಿನ ಅಡಿಗೆ ಗೆರೆ ಎಳಿ. ಅದಕ್ಕಿಂತ ಕಡಿದಾದ ಏರಾದರೆ ಮೂತಿ ತಾಗ್ತದೆ. ಹಿಂದೆ ಬಾಲಕ್ಕೂ ಹಾಗೇ. ಮೂರನೆಯದು ಹೊಟ್ಟೆಯದು."

ಹೊಟ್ಟೆಯ ಸಂಗತಿ ನನಗೆ ಬಹಳ ಹಿಡಿಸಿತು. ಮುಂದಿನ, ಹಿಂದಿನ ಚಕ್ರಗಳ ಅಂತರ ಹೆಚ್ಚಿದಷ್ಟೂ ದಿಬ್ಬದ ನೆತ್ತಿ ಬೇಗ ತಾಗಿ, ಗಾಡಿ ಅದರ ಮೇಲೇ ಕೂತುಬಿಡುತ್ತದೆ. ಜೀಪು ಗಿಡ್ಡ, ನೆಲದಿಂದ ಎತ್ತರ. ಮಕ್ಕಳೇ, ಅಡಿಕೋಲಿನ ಎರಡು ತುದಿಗೆ ರಬ್ಬರ್ ಕಟ್ಟಿ, ಬೋರಲು ಹಾಕಿದ ಪುಸ್ತಕದ ಮೇಲೆ ದಾಟಿಸಿ. ರಬ್ಬರುಗಳನ್ನು ಹತ್ತಿರ ತಂದು ಮತ್ತೆ ನೋಡಿ.

ಒಂದು ಬಂಡೆಯ ಬಳಿ ಎಲ್ಲರನ್ನೂ ಇಳಿಸಿದ. ಭಾರ ಇಳಿದರೆ ಸ್ಪ್ರಿಂಗು ಏಳುತ್ತದಂತೆ. ಒಂದು ಚಕ್ರವನ್ನು ಕಲ್ಲಿನ ಮೇಲೆಯೇ ಹತ್ತಿಸಿ, ಓರೆಯಾಗಿ ದಾಟಿಸಿದ. ಒಳಗೆ ಮೇಲಿನ ಮನೆಯವರ ಅಕ್ಕಿಮೂಟೆ ಇತ್ತು.

"ಇಲ್ಲಿ ಸಿಕ್ಕಿಕೊಂಡರೆ ಮೇಲಿನವರಿಗೆ ಇವತ್ತು ಊಟ ಇಲ್ಲ ಅಜ್ಜಾ" ಎಂದ.

ಮೂಲ ಮೂಕಾಂಬಿಕೆಯ ಗುಡಿಯ ಬಳಿ ಇಳಿದೆವು. ಅಲ್ಲಿಂದ ಸರ್ವಜ್ಞ ಪೀಠಕ್ಕೆ ಜೀಪೂ ಹೋಗದು. ಮೊಮ್ಮಗಳು ಆಗಲೇ ಮುಂದೆ ಓಡುತ್ತಿದ್ದಳು.