ಲೈಸೆನ್ಸ್ ಅಂದ್ರೆ ಬರೀ ಡಿಎಲ್ ಅಲ್ಲ ಗುರೂ!

ಬೆಂಗಳೂರಲ್ಲಿ ಲೈಸೆನ್ಸ್ ಅಂದ ತಕ್ಷಣ ನೆನಪಾಗೋದು ಸಿಗ್ನಲ್ ದಾಟಿದ ಮೇಲೆ ಮರದ ಮರೆಯಲ್ಲಿ ನಿಂತಿರೋ ಟ್ರಾಫಿಕ್ ಪೊಲೀಸರು. ನಾವು ಹೇಳೋಕೆ ಹೊರಟಿರೋದು ಇನ್ನೊಂದು ಲೈಸೆನ್ಸ್ ಬಗ್ಗೆ. ಗಿಟ್‌ಹಬ್‌ನಲ್ಲಿ ಹೊಸ ರೆಪೊ ತೆರೆಯುವಾಗ ಎಂಐಟಿ, ಅಪಾಚೆ, ಜಿಪಿಎಲ್ ಅಂತ ಒಂದು ಪಟ್ಟಿ ಬರುತ್ತಲ್ಲ, ಅದು. ನಮ್ಮ ಕಾಲೇಜಲ್ಲಿ ಬಹಳ ಜನ ಅದನ್ನ ಖಾಲಿ ಬಿಡ್ತಾರೆ, ಇಲ್ಲಾಂದ್ರೆ ಯಾವುದೋ ಒಂದನ್ನ ಒತ್ತಿ ಮುಂದೆ ಹೋಗ್ತಾರೆ. ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಆ ಪಟ್ಟಿಯ ಮೇಲೆ ಮೂರು ವಾರ ಜಗಳ ಆಡಿದ್ವಿ.

ನಮ್ಮದು ಮಾತಾಡೋ ಕನ್ನಡ ಕಲಿಸುವ ಪುಟ್ಟ ಆಪ್. ಸೀನಿಯರ್ ಒಬ್ಬರು ಹ್ಯಾಕಥಾನ್‌ಗೆ ಅಂತ ಶುರು ಮಾಡಿದ್ದು. ಅವರು ಪಾಸ್ ಔಟ್ ಆಗಿ ಪುಣೆಗೆ ಹೋದ ಮೇಲೆ ನಮ್ಮ ಕೈಗೆ ಬಂತು. ಪುಸ್ತಕದ ಕನ್ನಡಕ್ಕಿಂತ ನಮ್ಮ ಕಡೆಯ ಕನ್ನಡ ಬೇಕು ಅಂತ ನಾವು ರೆಕಾರ್ಡಿಂಗ್‌ಗೆ ಇಳಿದೆವು. ಶಿವಾಜಿನಗರ ಬಸ್ ಸ್ಟ್ಯಾಂಡಲ್ಲಿ ಚಿಲ್ಲರೆ ಕೇಳೋದು, ಹಲಸೂರಲ್ಲಿ ಒಂದು ಮೊಳ ಹೂವಿಗೆ ಚೌಕಾಸಿ ಮಾಡೋದು, ಇಂದಿರಾನಗರದಲ್ಲಿ ಆಟೋ ಅಣ್ಣಂಗೆ ದಾರಿ ಹೇಳೋದು, ಕೆ.ಆರ್. ಪುರದಲ್ಲಿ ಬಾಡಿಗೆ ರೂಮ್ ಹುಡುಕೋದು. 22 ಜನರ ದನಿ, ಸುಮಾರು 600 ವಾಕ್ಯ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಮಾತು ತಮಿಳು, ಉರ್ದು ಅಥವಾ ತೆಲುಗು. ಈ ಕಡೆಯ ಕನ್ನಡದ ರುಚಿಯೇ ಅದು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಎಷ್ಟೋ ಪದ ಗೊತ್ತಾಗಿದ್ದೇ ರೆಕಾರ್ಡ್ ಮಾಡುವಾಗ.

ಕೋಡ್ ಆಗಲೇ ಎಂಐಟಿ ಲೈಸೆನ್ಸ್‌ನಲ್ಲಿ ಗಿಟ್‌ಹಬ್‌ನಲ್ಲಿತ್ತು. ದನಿಗಳು ಮಾತ್ರ ಇನ್ನೂ ನಮ್ಮ ಲ್ಯಾಪ್‌ಟಾಪ್‌ನಲ್ಲೇ ಇದ್ದವು. ಅಷ್ಟರಲ್ಲಿ ಇಂದಿರಾನಗರದ ಒಂದು ಸ್ಟಾರ್ಟಪ್‌ನವರು ಮೆಸೇಜ್ ಮಾಡಿದರು. ನಿಮ್ಮ ಕೋಡ್ ಚೆನ್ನಾಗಿದೆ, ದನಿಗಳನ್ನೂ ಎಂಐಟಿಯಲ್ಲೇ ಹಾಕಿ, ನಾವು ವಾಯ್ಸ್ ಅಸಿಸ್ಟೆಂಟ್‌ಗೆ ಬಳಸ್ತೀವಿ, ನಿಮ್ಮಲ್ಲಿ ಇಬ್ಬರಿಗೆ ಇಂಟರ್ನ್‌ಶಿಪ್ ಕೊಡ್ತೀವಿ ಅಂದರು. ಸೆಕೆಂಡ್ ಇಯರ್‌ನಲ್ಲಿ ಇಂಟರ್ನ್‌ಶಿಪ್! ಜಗಳ ಶುರುವಾಗೋಕೆ ಅಷ್ಟು ಸಾಕಾಯ್ತು.

ಇಲ್ಲಿ ಸ್ವಲ್ಪ ಕಾನೂನು. ಭಾರತದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಒಂದು 'ಸಾಹಿತ್ಯ ಕೃತಿ'. ಅಂದ್ರೆ ಕುವೆಂಪು ಅವರ ಕಾದಂಬರಿಯೂ ನಮ್ಮ ಪೈಥಾನ್ ಕೋಡೂ ಕಾನೂನಿನ ಕಣ್ಣಲ್ಲಿ ಒಂದೇ ಪಂಕ್ತಿ. (ಓದೋರ ಕಣ್ಣಲ್ಲಿ ಬೇರೆ, ಬಿಡಿ.) ಬರೆದ ಕ್ಷಣದಿಂದಲೇ ಹಕ್ಕು ಬರೆದವರದ್ದು. ಲೈಸೆನ್ಸ್ ಹಾಕದೆ ಖಾಲಿ ಬಿಟ್ಟರೆ 'ಯಾರು ಬೇಕಾದರೂ ತಗೊಳ್ಳಿ' ಅಂತ ಅರ್ಥ ಅಲ್ಲ. 'ನೋಡಬಹುದು, ಬಳಸೋಕೆ ಅನುಮತಿ ಇಲ್ಲ' ಅಂತ.

ಎಂಐಟಿ ಲೈಸೆನ್ಸ್ ಬೇಸಿಗೆಯ ಅರವಟ್ಟಿಗೆ ಇದ್ದ ಹಾಗೆ. ಯಾರಾದರೂ ಬಂದು ಕುಡಿದು ಹೋಗಬಹುದು, ಬಾಟಲಿಗೆ ತುಂಬಿ ಮಾರಲೂಬಹುದು. ನಮ್ಮ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಉಳಿಸಿಕೊಂಡರೆ ಸಾಕು. ಜಿಪಿಎಲ್ ನಮ್ಮ ಮದುವೆಮನೆಯ ಮುಯ್ಯಿ ಇದ್ದ ಹಾಗೆ. ತಗೊಂಡವರು ಬದಲಾಯಿಸಿ ಹಂಚಿದರೆ, ಬದಲಾದ ಸೋರ್ಸ್ ಕೋಡನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು. ಸರ್ವರ್‌ನಲ್ಲಿಟ್ಟು ಬರೀ ಸೇವೆ ಕೊಟ್ಟರೆ ಜಿಪಿಎಲ್ ಕೇಳಲ್ಲ, ಎಜಿಪಿಎಲ್ ಅದನ್ನೂ ಕೇಳುತ್ತೆ. ಕನ್ನಡದಲ್ಲಿ 'ಉಚಿತ' ಬೇರೆ, 'ಮುಕ್ತ' ಬೇರೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ 'ಫ್ರೀ' ಒಂದೇ ಪದ. ಈ ವಿಷಯ ಅರ್ಥ ಮಾಡಿಕೊಳ್ಳೋಕೆ ನಮ್ಮ ಭಾಷೆಯೇ ವಾಸಿ.

ಇನ್ನು ಬದಲಾಯಿಸೋ ಮಾತು. ಎಂಐಟಿಯಿಂದ ಜಿಪಿಎಲ್‌ಗೆ ಹೋಗೋದು ಸುಲಭ. ಹಳೆಯ ಎಂಐಟಿ ನೋಟಿಸ್ ಉಳಿಸಿಕೊಂಡು ಹೊಸ ಆವೃತ್ತಿಯನ್ನ ಜಿಪಿಎಲ್‌ನಲ್ಲಿ ತರಬಹುದು. ವಾಪಸ್ ಬರೋಕೆ ಮಾತ್ರ ಕೋಡ್ ಬರೆದ ಪ್ರತಿಯೊಬ್ಬರ ಒಪ್ಪಿಗೆ ಬೇಕು. ಒಂಥರಾ ಒನ್‌ವೇ. ಲಿನಕ್ಸ್ ಕರ್ನಲ್ ಇವತ್ತಿಗೂ ಜಿಪಿಎಲ್ 2ರಲ್ಲೇ ಇದೆ. ಸಾವಿರಾರು ಜನ ಬರೆದಿದ್ದಾರೆ, ಎಲ್ಲರನ್ನೂ ಹುಡುಕಿ ಕೇಳೋರು ಯಾರು? ವಿಎಲ್‌ಸಿ ಪ್ಲೇಯರ್‌ನವರು ತಮ್ಮ ಎಂಜಿನ್ ಭಾಗವನ್ನ ಎಲ್‌ಜಿಪಿಎಲ್‌ಗೆ ತರುವಾಗ ಡೆವಲಪರ್‌ಗಳನ್ನ ನಿಜವಾಗಿಯೂ ಹುಡುಕಿಕೊಂಡು ಹೋಗಿ ಕೇಳಿದ್ದರು. ಕನ್ನಡವೂ ಸೇರಿದಂತೆ ಎಲ್ಲ ವಿಕಿಪೀಡಿಯಗಳು 2009ರಲ್ಲಿ ಜಿಎಫ್‌ಡಿಎಲ್‌ನಿಂದ ಕ್ರಿಯೇಟಿವ್ ಕಾಮನ್ಸ್‌ಗೆ ಬಂದಾಗ ಆ ಕಷ್ಟ ಬರಲಿಲ್ಲ. 'ಮುಂದಿನ ಆವೃತ್ತಿಗಳಿಗೂ ಒಪ್ಪಿಗೆ' ಅನ್ನೋ ಮಾತು ಮೊದಲೇ ಇತ್ತು, ಹೊಸ ಆವೃತ್ತಿ ದಾರಿ ಮಾಡಿಕೊಟ್ಟಿತು.

ಒಮ್ಮೆ ಕೊಟ್ಟಿದ್ದನ್ನ ಹಿಂದಕ್ಕೆ ತಗೊಳ್ಳೋಕೂ ಆಗಲ್ಲ. 2024ರ ಮಾರ್ಚ್‌ನಲ್ಲಿ ರೆಡಿಸ್ ಕಂಪನಿ ಬಿಎಸ್‌ಡಿ ಲೈಸೆನ್ಸ್ ಬಿಟ್ಟು ಬಿಗಿಯಾದ ಲೈಸೆನ್ಸ್‌ಗೆ ಹೋಯ್ತು. ಹಳೆಯ ಬಿಎಸ್‌ಡಿ ಕೋಡ್ ಹಿಡಿದು ಬೇರೆಯವರು ಕೆಲವೇ ದಿನದಲ್ಲಿ ವಾಲ್ಕಿ ಶುರು ಮಾಡಿದರು. 2025ರಲ್ಲಿ ರೆಡಿಸ್ ಎಜಿಪಿಎಲ್ ಆಯ್ಕೆಯನ್ನ ಸೇರಿಸಿತು. ವಾಲ್ಕಿ ಅಷ್ಟೊತ್ತಿಗೆ ತನ್ನ ದಾರಿ ಹಿಡಿದಾಗಿತ್ತು.

ಕನ್ನಡದ ಫಾಂಟ್‌ಗಳ ಹಿಂದೆಯೂ ಇಂಥದ್ದೇ ಕಥೆ ಇದೆ. ಲೋಹಿತ್ ಫಾಂಟ್‌ಗಳು 2011ರಲ್ಲಿ ಜಿಪಿಎಲ್‌ನಿಂದ ಓಪನ್ ಫಾಂಟ್ ಲೈಸೆನ್ಸ್‌ಗೆ ಬದಲಾದವು, ನೋಟೊ ಫಾಂಟ್‌ಗಳು 2015ರಲ್ಲಿ ಅಪಾಚೆಯಿಂದ ಅದಕ್ಕೇ ಬಂದವು. ಈ ಲೈಸೆನ್ಸ್‌ನ ಒಂದು ಗುಣ ಅಂದ್ರೆ, ಫಾಂಟ್ ಬಳಸಿ ಮಾಡಿದ ದಾಖಲೆಗೆ ಫಾಂಟಿನ ಷರತ್ತು ಅಂಟಲ್ಲ ಅಂತ ಅದರಲ್ಲೇ ಸ್ಪಷ್ಟವಾಗಿ ಬರೆದಿದೆ. ನಮ್ಮ ಆಪ್‌ನ ಅಕ್ಷರಗಳು ನೋಟೊದವು, ಹಾಗಾಗಿ ಆ ಒಂದು ವಿಷಯಕ್ಕೆ ಜಗಳ ಆಗಲಿಲ್ಲ.

ನಮ್ಮನ್ನ ಹೆಚ್ಚು ಯೋಚನೆಗೆ ಹಚ್ಚಿದ್ದು ಮಾತ್ರ ಸಾಫ್ಟ್‌ವೇರ್ ಅಲ್ಲ, ಪುಸ್ತಕ. ಸಾಹಿತಿ ನಿರಂಜನ ತೀರಿಕೊಂಡಿದ್ದು 1990ರ ದಶಕದ ಆರಂಭದಲ್ಲಿ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಇರೋದ್ರಿಂದ ಅವರ ಪುಸ್ತಕಗಳು ಎಲ್ಲರಿಗೂ ಮುಕ್ತವಾಗಲು 2050ರ ದಶಕ ಬರಬೇಕಿತ್ತು. ಅಷ್ಟೊತ್ತಿಗೆ ನಾವು ನಮ್ಮ ಮೇಷ್ಟ್ರುಗಳಿಗಿಂತ ದೊಡ್ಡವರಾಗಿರ್ತೀವಿ. ಆದರೆ 2014ರಲ್ಲಿ ಅವರ ಮಗಳು ತೇಜಸ್ವಿನಿ ನಿರಂಜನ 55 ಪುಸ್ತಕಗಳನ್ನ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 ಲೈಸೆನ್ಸ್‌ಗೆ ಬಿಟ್ಟುಕೊಟ್ಟರು. ಇದರಲ್ಲಿ ಕೈಜೋಡಿಸಿದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಇದ್ದಿದ್ದು ಇಂದಿರಾನಗರದ ಪಕ್ಕದ ದೊಮ್ಮಲೂರಿನಲ್ಲಿ. ಯಾರು ಬೇಕಾದರೂ ಹಂಚಬಹುದು, ಬದಲಾಯಿಸಬಹುದು, ಆದರೆ ಲೇಖಕರ ಹೆಸರು ಹೇಳಬೇಕು, ಬದಲಾಯಿಸಿದ್ದನ್ನ ಅದೇ ಷರತ್ತಿನಲ್ಲಿ ಹಂಚಬೇಕು. ಅಲ್ಲಿ ಹಕ್ಕು ಮನೆಯವರದ್ದೇ, ಕೊಟ್ಟವರೂ ಅವರೇ. ನಮ್ಮ ದನಿಗಳು ಯಾರವು?

ನಮ್ಮಲ್ಲೊಬ್ಬ ಹೇಳಿದ: "ರೆಕಾರ್ಡ್ ಮಾಡಿದ್ದು ನಾವು, ಮೈಕ್ ನಮ್ಮದು. ಇಂಟರ್ನ್‌ಶಿಪ್ ಬಿಡ್ತೀರಾ?" ಅವನ ಮಾತನ್ನ ತಳ್ಳಿಹಾಕೋ ಹಾಗಿರಲಿಲ್ಲ. ಅವನ ಮನೆಯ ಫೀಸಿನ ಕಷ್ಟ ನಮಗೆ ಗೊತ್ತು. ಇನ್ನೊಬ್ಬಳು ಹೇಳಿದಳು: "ಕನ್ನಡ ಕಲಿಯೋರಿಗೆ ಅಂತ ತಾನೇ ಅವರ ಹತ್ರ ಹೇಳಿದ್ದು? ಕಂಪನಿಗೆ ಅಂತ ಹೇಳಿಲ್ವಲ್ಲ." ಕೊನೆಗೆ 22 ಜನರನ್ನೂ ಮತ್ತೆ ಕೇಳೋದು ಅಂತ ಆಯ್ತು.

ನಾಲ್ಕು ಶನಿವಾರ ಹಿಡೀತು. ಹಲಸೂರಿನ ಹೂವಿನ ಅಮ್ಮ ಕೇಳಿದ್ದು ಒಂದೇ: "ಅವರಿಗೆ ಕಾಸು ಬರುತ್ತಾ? ಬಂದ್ರೆ ನಂಗೆಷ್ಟು ಕಣಪ್ಪಾ?" ಶಿವಾಜಿನಗರದ ಟೈಲರ್ ಭಾಯ್ ಕೇಳಿದ್ದು: "ನನ್ನ ಹೆಸರು ಹಾಕ್ತೀರಾ?" ಕೆ.ಆರ್. ಪುರದ ಟೀಚರಕ್ಕ ಕೇಳಿದ್ದು: "ನನ್ನ ದನೀಲಿ ನಾನು ಹೇಳದೇ ಇರೋದನ್ನ ಹೇಳಿಸ್ತಾರಾ?" ಮೊದಲ ಎರಡಕ್ಕೆ ಲೈಸೆನ್ಸ್‌ಗಳಲ್ಲಿ ಷರತ್ತುಗಳಿವೆ, ಒಂದು ವ್ಯಾಪಾರದ ಬಗ್ಗೆ, ಒಂದು ಹೆಸರಿನ ಬಗ್ಗೆ. ಮೂರನೆಯದಕ್ಕೆ ಆ ಪಟ್ಟಿಯಲ್ಲಿ ಯಾವುದೂ ಉತ್ತರ ಅಲ್ಲ. ಲೈಸೆನ್ಸ್ ನೋಡಿಕೊಳ್ಳೋದು ಕಾಪಿರೈಟನ್ನ, ಒಬ್ಬ ಮನುಷ್ಯಳ ದನಿಯ ಮಾನವನ್ನ ಅಲ್ಲ.

17 ಜನ ಹೆಸರು ಹಾಕಿ, ಮುಕ್ತವಾಗಿ ಹಂಚಿ ಅಂದರು. ಮೂವರು ಆಪ್‌ಗೆ ಮಾತ್ರ ಅಂದರು, ಅದರಲ್ಲಿ ಟೀಚರಕ್ಕನೂ ಹೂವಿನ ಅಮ್ಮನೂ ಇದ್ದರು. ಇಬ್ಬರು ಸಿಗಲೇ ಇಲ್ಲ, ಅವರ ವಾಕ್ಯಗಳನ್ನ ತೆಗೆದೆವು. ಈಗ 17 ಜನರ ದನಿ ಮತ್ತು ವಾಕ್ಯಗಳು ಬಿವೈ-ಎಸ್‌ಎ 4.0ರಲ್ಲಿವೆ. ಮೂವರ ದನಿ ಆಪ್ ಒಳಗಿದೆ, ರೆಪೊದಲ್ಲಿಲ್ಲ. ಕೋಡ್‌ನ ಹೊಸ ಆವೃತ್ತಿ ಜಿಪಿಎಲ್ 3, ಹಳೆಯದು ಎಂದಿನಂತೆ ಎಂಐಟಿ. ಪುಣೆಯ ಸೀನಿಯರ್ ಅವರನ್ನ ಕಾನೂನಿಗಾಗಿ ಕೇಳಬೇಕಿರಲಿಲ್ಲ, ಮರ್ಯಾದೆಗಾಗಿ ಕೇಳಿದ್ವಿ. "ಈಗ ನಿಮ್ಮದು ಕಣ್ರೋ" ಅಂದರು.

ಸ್ಟಾರ್ಟಪ್‌ನವರು ಹಳೆಯ ಕೋಡ್ ತಗೊಂಡರು, ಅದು ಅವರ ಹಕ್ಕು. ಇಂಟರ್ನ್‌ಶಿಪ್ ಮಾತು ಮತ್ತೆ ಬರಲಿಲ್ಲ. ನಮ್ಮ ಗೆಳೆಯ ಈಗಲೂ ಎಂಐಟಿ ಪಕ್ಷದವನೇ. ನೀವು ತತ್ವ ಉಳಿಸಿಕೊಂಡ್ರಿ, ನಾನು ಸ್ಟೈಪೆಂಡ್ ಕಳ್ಕೊಂಡೆ ಅಂತಾನೆ. ಅವನಿಗೆ ಕೊಡೋಕೆ ನಮ್ಮ ಹತ್ರ ಒಳ್ಳೆ ಉತ್ತರ ಇಲ್ಲ. ಹೊಸ ಆವೃತ್ತಿಗೆ ಅತಿ ಹೆಚ್ಚು ಕಮಿಟ್ ಮಾಡಿರೋನೂ ಅವನೇ ಅನ್ನೋದು ಬೇರೆ ಮಾತು.

ಮಿನಿ ಪ್ರಾಜೆಕ್ಟ್ ಶುರು ಮಾಡುವವರಿಗೆ ನಮ್ಮದೊಂದು ವಿನಂತಿ. ಕೋಡ್, ಪಠ್ಯ, ಫಾಂಟ್, ದನಿ ಎಲ್ಲಕ್ಕೂ ಒಂದೇ ಲೈಸೆನ್ಸ್ ಹೊಂದಲ್ಲ, ಬೇರೆ ಬೇರೆ ಯೋಚಿಸಿ. ಯಾರ್ಯಾರು ಏನೇನು ಕೊಟ್ಟರು, ಯಾವುದಕ್ಕೆ ಅಂತ ಕೊಟ್ಟರು ಅನ್ನೋದನ್ನ ಮೊದಲ ದಿನದಿಂದ ಬರೆದಿಡಿ. ಟೀಚರಕ್ಕನ ಪ್ರಶ್ನೆಗೆ ಉತ್ತರ ಹೊಳೆದರೆ ನಮಗೂ ತಿಳಿಸಿ. ಪ್ರತಿ ಬುಧವಾರ ಸಂಜೆ ಕನ್ನಡ ಸಂಘದ ರೂಮಲ್ಲಿ ನಾವು ನಾಲ್ಕೂ ಜನ ಸಿಗ್ತೀವಿ.